ವೃದ್ಧ ಪುರುಷರ ನಿಶ್ಶಕ್ತಿ, ಒಂಟಿತನ: ತಡೆಯುವುದು ಹೇಗೆ?

ಪಾಂಡವಪುರ: ಗದ್ದೆ ಕೆಲಸ ಬಿಟ್ಟ, ಪತ್ನಿಯನ್ನು ಕಳೆದುಕೊಂಡ ಹಿರಿಯರು ಜಗಲಿಯಲ್ಲೇ ಕುಳಿತು ಕೃಶರಾಗುವುದನ್ನು ‘ವಯಸ್ಸಾಯಿತು’ ಎಂದು ಅಲಕ್ಷಿಸಬಾರದು. ಸಕಾಲದಲ್ಲಿ ಗಮನಿಸಿದರೆ ಚೇತರಿಕೆ ಸಾಧ್ಯ.

ಅಕಾರಣ ತೂಕ ಇಳಿಕೆ, ಸುಸ್ತು, ಕೈಹಿಡಿತದ ದುರ್ಬಲತೆ, ನಿಧಾನ ನಡಿಗೆ, ಕುಗ್ಗಿದ ಚಟುವಟಿಕೆ– ಈ 5ರಲ್ಲಿ 3 ಲಕ್ಷಣಗಳಿದ್ದರೆ ಅದು ವೃದ್ಧಾಪ್ಯದ ನಿಶ್ಶಕ್ತಿ ಎಂಬುದು 2001ರಿಂದ ಬಳಕೆಯಲ್ಲಿರುವ ವೈದ್ಯಕೀಯ ಮಾನದಂಡ.

ವಾರಕ್ಕೆ ಕನಿಷ್ಠ 150 ನಿಮಿಷಗಳ ದೈಹಿಕ ಚಟುವಟಿಕೆ, 3 ದಿನ ಸ್ನಾಯುಬಲ ಹಾಗೂ ಸಮತೋಲನದ ವ್ಯಾಯಾಮ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮುದ್ದೆಯೊಂದಿಗೆ ಹುರುಳಿ, ಅವರೆ, ಮೊಟ್ಟೆ ಇರಲಿ. ಅರಳಿಕಟ್ಟೆಯ ಮಾತುಕತೆ, ಡೇರಿಯವರೆಗಿನ ನಡಿಗೆ ತಪ್ಪದಿರಲಿ.

ಮಕ್ಕಳು ಪೋಷಿಸದಿದ್ದರೆ 2007ರ ಕಾಯ್ದೆಯಡಿ ಪಾಂಡವಪುರ ಉಪವಿಭಾಗಾಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳೂ ಇದೇ ಉಪವಿಭಾಗಕ್ಕೆ ಸೇರಿವೆ. ಹಿರಿಯರ ಉಚಿತ ಸಹಾಯವಾಣಿ: 14567.