ಬ್ಯಾಟರಿಯಿಲ್ಲದ ಪುಷ್ಪಕ

ದೋಹಾದ ಆಕಾಶದಲ್ಲಿ ಸಾಲುಗಟ್ಟಿ ಇಳಿಯುವ ದೊಡ್ಡ ವಿಮಾನಗಳನ್ನು ನೋಡುತ್ತ ಬೆಳೆದ ನಮ್ಮ ಮಕ್ಕಳಿಗೆ ಬಾಲದ ಬಣ್ಣ ಕಂಡರೆ ಸಾಕು, ಸಂಸ್ಥೆ ಯಾವುದೆಂದು ಹೇಳಬಲ್ಲರು. ಅಂಥ ವಿಮಾನಗಳ ದುರಸ್ತಿ, ತಪಾಸಣೆಗಳಲ್ಲಿ ತೊಡಗಿರುವ ಕನ್ನಡಿಗರೂ ನಮ್ಮ ನಡುವೆ ಇದ್ದಾರೆ. ಆದರೆ ಈ ವಿದ್ಯೆ ನಮ್ಮ ನಾಡಿನಲ್ಲಿ ಬೇರೂರಿದ ಬಗೆ ಹೇಗೆ ಎಂದು ಕೇಳಿದರೆ ಉತ್ತರ ದೊಡ್ಡ ವಿಮಾನಗಳಲ್ಲಿ ಸಿಗುವುದಿಲ್ಲ. ಬೆಂಗಳೂರಿನ ವಿಮಾನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ವಿನ್ಯಾಸಕಾರರನ್ನೂ ಚಾಲಕರನ್ನೂ ನೆನೆದಿದ್ದಾರೆ. ಎಂಜಿನ್ನು ಬಿಚ್ಚಿ ಜೋಡಿಸಿದವರಿಗೆ ಆ ಪುಟಗಳಲ್ಲಿ ಸಿಕ್ಕ ಜಾಗ ಬಹಳ ಕಡಿಮೆ. ಬೆಂಗಳೂರು ವಿಮಾನ ಕಟ್ಟುವುದಕ್ಕಿಂತ ಮೊದಲು ವಿಮಾನ ರಿಪೇರಿಯನ್ನು ಕಲಿತ ಊರು ಎಂಬುದೇ ನಮ್ಮ ಅಭಿಪ್ರಾಯ.

1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದಾಗ ಗುರಿ ಇದ್ದದ್ದು ತಯಾರಿಕೆಯ ಮೇಲೆ. ಮರುವರ್ಷವೇ ಹಾರ್ಲೋ ಎಂಬ ಅಮೆರಿಕನ್ ಮಾದರಿಯ ತರಬೇತಿ ವಿಮಾನವೊಂದು ಅಲ್ಲಿಂದ ಮೇಲೇರಿತು. ಆದರೆ ಯುದ್ಧ ಆ ಗುರಿಯನ್ನು ಬದಲಿಸಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈ ಸೇರಿ, ಅದು ದೊಡ್ಡದೊಂದು ದುರಸ್ತಿ ಕೇಂದ್ರವಾಯಿತು. ಯುದ್ಧರಂಗದಿಂದ ಬಂದ ವಿಮಾನಗಳನ್ನೂ ಎಂಜಿನ್ನುಗಳನ್ನೂ ತಿರುಪು ತಿರುಪಾಗಿ ಬಿಚ್ಚಿ, ತೊಳೆದು, ಅಳೆದು, ಸವೆದದ್ದನ್ನು ಬದಲಿಸಿ ಮರುಜೋಡಿಸುವುದು ಅಲ್ಲಿನ ನಿತ್ಯದ ಕೆಲಸ. ಇನ್ನೊಬ್ಬರ ಕೈಕೆಲಸವನ್ನು ಬಿಚ್ಚಿ ನೋಡಿ ಕಲಿಯುವ ಇಂಥ ಪಾಠಶಾಲೆ ಬೇರೆ ಯಾವ ಭಾರತೀಯ ಊರಿಗೂ ಆ ಪ್ರಮಾಣದಲ್ಲಿ ದಕ್ಕಿರಲಾರದು.

ಈ ಕಲಿಕೆಯ ಪರೀಕ್ಷೆ 1948ರಲ್ಲಿ ನಡೆಯಿತು. ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಮತ್ತೆ ಯಾರೂ ಬಳಸದಂತೆ ಕೆಡಿಸಿಯೇ ಹೋಗಿದ್ದರು. ಅಲ್ಲಿಯೇ ಅವುಗಳನ್ನು ಹಾರುವಷ್ಟರ ಮಟ್ಟಿಗೆ ಸರಿಪಡಿಸಿ, ಎಚ್‌ಎಎಲ್‌ನ ಚಾಲಕ ಮುನ್ಷಿಯವರು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿಗೊಂಡ ಆ ವಿಮಾನಗಳು ಭಾರತೀಯ ವಾಯುಪಡೆಯ ಸೇವೆಗೆ ಸೇರಿದವು. ಅಂಥ ವಿಮಾನದಲ್ಲಿ ಕುಳಿತು ಹಾರಲು ಒಪ್ಪಿದ ಚಾಲಕನ ಧೈರ್ಯ ದೊಡ್ಡದು. ಆತ ನಂಬಿದ್ದು ಫಿಟ್ಟರುಗಳ ಕೈಯನ್ನು ಎಂಬುದನ್ನೂ ಜೊತೆಗೇ ಹೇಳಬೇಕು.

ಇಷ್ಟು ಪೀಠಿಕೆಯ ನಂತರ ಸಣ್ಣ ವಿಮಾನಕ್ಕೆ ಬರೋಣ. ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟಲ್‌ರ ಶಿಷ್ಯರಾಗಿದ್ದ ವಿ. ಎಂ. ಘಾಟಗೆಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಭಾಗವನ್ನು ಕಟ್ಟಿ, ಬಳಿಕ ಎಚ್‌ಎಎಲ್‌ನಲ್ಲಿ ವಿನ್ಯಾಸದ ನೇತೃತ್ವ ವಹಿಸಿದರು. ಅವರ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. 1958ರ ಸೆಪ್ಟೆಂಬರ್ 28ರಂದು ಹಾರಿದ್ದು ಪುಷ್ಪಕ: ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, ಅಕ್ಕಪಕ್ಕ ಎರಡೇ ಆಸನ, ಮೂಗಿನಲ್ಲಿ 90 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಕಾಂಟಿನೆಂಟಲ್ ಎಂಜಿನ್. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ನೂರೈವತ್ತರಷ್ಟು ಪುಷ್ಪಕಗಳು ತಯಾರಾದವು. ಮೈಸೂರು ಸರ್ಕಾರ 1949ರಲ್ಲಿ ಜಕ್ಕೂರಿನಲ್ಲಿ ತೆರೆದ ವಿಮಾನ ತರಬೇತಿ ಶಾಲೆಯಂಥ ಕಡೆಗಳಲ್ಲಿ ಹಲವು ಪೀಳಿಗೆಯ ವಿದ್ಯಾರ್ಥಿಗಳು ಹಾರಲು ಕಲಿತದ್ದು ಇಂಥ ಸರಳ ವಿಮಾನಗಳಲ್ಲಿ.

ಪುಷ್ಪಕದ ಎಂಜಿನ್ನಿನ ಸಂಕೇತ ಸಿ90-8ಎಫ್. ಇದರಲ್ಲಿ 8 ಎಂಬ ಅಂಕೆಗೆ ಅರ್ಥವಿದೆ. ಸ್ಟಾರ್ಟರನ್ನಾಗಲಿ ಜನರೇಟರನ್ನಾಗಲಿ ಕೂರಿಸಲು ಆ ಎಂಜಿನ್ನಿನಲ್ಲಿ ಜಾಗವೇ ಇರಲಿಲ್ಲ. ಕೀಲಿ ತಿರುಗಿಸಿ ಹೊರಡುವ ಮಾತೇ ಇಲ್ಲ. ಚಕ್ರಗಳಿಗೆ ಅಡ್ಡೆ ಕೊಟ್ಟು, ಮೆಕ್ಯಾನಿಕ್ಕು ಮುಂದೆ ನಿಂತು, ಒಳಗಿದ್ದ ಚಾಲಕನೊಡನೆ ಗಟ್ಟಿಯಾಗಿ ‘ಸ್ವಿಚ್ ಆಫ್’, ‘ಕಾಂಟ್ಯಾಕ್ಟ್’ ಎಂಬ ಕೂಗುಗಳನ್ನು ವಿನಿಮಯ ಮಾಡಿಕೊಂಡು, ಪ್ರೊಪೆಲರನ್ನು ಕೈಯಿಂದ ಬೀಸಿ ಎಳೆಯಬೇಕು. ಎಳೆದ ಕೈಯೊಡನೆ ಮೈಯೂ ಹಿಂದಕ್ಕೆ ಸರಿಯಬೇಕು. ಹಾಗಿದ್ದರೆ ಸಿಲಿಂಡರಿನೊಳಗಿನ ಕಿಡಿ ಎಲ್ಲಿಂದ ಬಂತು? ಮ್ಯಾಗ್ನೆಟೋದಿಂದ. ಕಾಯಂ ಅಯಸ್ಕಾಂತವೊಂದನ್ನು ಎಂಜಿನ್ನೇ ತಿರುಗಿಸುತ್ತದೆ, ಆ ತಿರುಗುವಿಕೆಯೇ ವಿದ್ಯುತ್ತನ್ನು ಹುಟ್ಟಿಸುತ್ತದೆ. 1902ರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೋನೊಲ್ಡ್ ರೂಪಿಸಿದ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಇದರ ಪೂರ್ವಜ. ಸಣ್ಣ ವಿಮಾನದಲ್ಲಿ ಇಂಥವು ಎರಡು. ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್. ಒಂದು ಕೈಕೊಟ್ಟರೂ ಇನ್ನೊಂದು ಎಂಜಿನ್ನನ್ನು ನಡೆಸಿಕೊಂಡು ಹೋಗುತ್ತದೆ.

ಈ ಉಪಕರಣದ ಒಂದು ಗುಣ ತಿಳಿಯದವರಿಗೆ ಪ್ರಾಣಾಂತಿಕ. ಮನೆಯ ದೀಪದ ಸ್ವಿಚ್ಚನ್ನು ಆರಿಸಿದರೆ ತಂತಿಯ ಸಂಪರ್ಕ ಕಡಿಯುತ್ತದೆ. ಮ್ಯಾಗ್ನೆಟೋದಲ್ಲಿ ಎಲ್ಲವೂ ತಿರುಗುಮುರುಗು: ಆರಿಸುವುದೆಂದರೆ ಅದನ್ನು ತಂತಿಯ ಮೂಲಕ ವಿಮಾನದ ಲೋಹದ ಮೈಗೆ ಜೋಡಿಸಿ ಅರ್ಥ್ ಮಾಡುವುದು. ಆ ತಂತಿ ಎಲ್ಲಾದರೂ ತುಂಡಾಗಿದ್ದರೆ ಸ್ವಿಚ್ ‘ಆಫ್’ ತೋರಿಸುತ್ತಿದ್ದರೂ ಮ್ಯಾಗ್ನೆಟೋ ಎಚ್ಚರವಾಗಿಯೇ ಇರುತ್ತದೆ. ನಿಂತ ವಿಮಾನದ ಪ್ರೊಪೆಲರನ್ನು ಒರಸಲು ಹೋಗಿ ಯಾರೋ ಅರ್ಧ ಸುತ್ತು ತಿರುಗಿಸಿದರೂ ಎಂಜಿನ್ನು ಕೆಮ್ಮಿ ಏಳಬಹುದು. ಪಳಗಿದ ಮೆಕ್ಯಾನಿಕ್ಕು ಪ್ರತಿ ಪ್ರೊಪೆಲರನ್ನೂ ಜೀವಂತವೆಂದೇ ಭಾವಿಸುವುದು ಇದಕ್ಕಾಗಿ.

ಹಾರುವ ಮುನ್ನ ಮಾಡುವ ಮ್ಯಾಗ್ನೆಟೋ ಪರೀಕ್ಷೆಯ ಸ್ವಾರಸ್ಯವೂ ಇಲ್ಲಿಯೇ ಇದೆ. ಎಂಜಿನ್ನನ್ನು ನಿಗದಿತ ವೇಗದಲ್ಲಿ ಓಡಿಸುತ್ತ ಒಂದೊಂದೇ ಮ್ಯಾಗ್ನೆಟೋವನ್ನು ಆರಿಸಿ ನೋಡುತ್ತಾರೆ. ಸುತ್ತುಗಳ ಸಂಖ್ಯೆ ಸ್ವಲ್ಪ ಇಳಿಯಬೇಕು. ಹೆಚ್ಚು ಇಳಿದರೆ ಪ್ಲಗ್ಗೋ ತಂತಿಯೋ ಕೆಟ್ಟಿದೆ ಎಂಬುದನ್ನು ಯಾರೂ ಊಹಿಸಬಲ್ಲರು. ಏನೂ ಇಳಿಯದಿದ್ದರೆ ಹೊಸಬನು ಹಿಗ್ಗುತ್ತಾನೆ. ಹಳಬನು ಎಂಜಿನ್ ನಿಲ್ಲಿಸಿ ಅರ್ಥ್ ತಂತಿಯನ್ನು ಹುಡುಕುತ್ತಾನೆ.

ದೋಷ ಯಾವ ಸಿಲಿಂಡರಿನಲ್ಲಿದೆ ಎಂದು ಪತ್ತೆ ಮಾಡಲು ಹಳಬರ ಉಪಾಯ ಸರಳ. ಎಂಜಿನ್ನನ್ನು ಕೆಟ್ಟ ಮ್ಯಾಗ್ನೆಟೋ ಒಂದರ ಮೇಲೆಯೇ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಪ್ರತಿ ಸಿಲಿಂಡರಿನ ಹೊಗೆಕೊಳವೆಗೆ ಒಂದೊಂದು ಹನಿ ನೀರು ಬಿಡುವುದು. ಚುರ್ರೆನ್ನದ ಕೊಳವೆಯ ಸಿಲಿಂಡರು ಉರಿದೇ ಇಲ್ಲ. ಒತ್ತಡದ ಪರೀಕ್ಷೆಯೂ ಹಾಗೆಯೇ: ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ಕೊಟ್ಟು ಕಿವಿಗೊಡಬೇಕು. ಸುಯ್ಯೆಂಬ ಸದ್ದು ಹೊಗೆಕೊಳವೆಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರಿನ ಕಡೆ ಕೇಳಿದರೆ ಇನ್ನೊಂದು ವಾಲ್ವ್, ಎಣ್ಣೆ ಹೊಯ್ಯುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗು. ನಾಡಿ ಹಿಡಿದು ರೋಗ ಹೇಳುತ್ತಿದ್ದ ಪಂಡಿತರ ಕ್ರಮಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ವೈದ್ಯನು ಲಾಗ್‌ಬುಕ್ಕಿನಲ್ಲಿ ಸಹಿ ಹಾಕಬೇಕು. ಹಳೆಯ ಭಾರತೀಯ ಪದ್ಧತಿಯಲ್ಲಿ ಆ ಸಹಿಯ ಅಧಿಕಾರ ಎ, ಬಿ, ಸಿ, ಡಿ, ಎಕ್ಸ್ ಎಂಬ ಲೈಸೆನ್ಸುಗಳಾಗಿ ಹಂಚಿಹೋಗಿತ್ತು. ಎಂಜಿನ್ನಿನದು ಸಿ ಮತ್ತು ಡಿ, ವಿದ್ಯುತ್ತು ಹಾಗೂ ಉಪಕರಣಗಳದು ಎಕ್ಸ್. ಇಂದು ಇಲ್ಲಿ ಕೆಲಸ ಮಾಡುವ ನಮ್ಮವರು ಬಿ1, ಬಿ2 ಎಂದು ಹೇಳಿಕೊಳ್ಳುವುದು ಅದೇ ವಿಭಜನೆಯ ಹೊಸ ರೂಪ.

ನಾವು ನೆಲೆಸಿರುವ ಈ ಕೊಲ್ಲಿಯ ವಿಮಾನಯಾನವೂ ಸಣ್ಣ ವಿಮಾನದಿಂದಲೇ ಆರಂಭವಾದದ್ದು. ಕತಾರಿನ ತೈಲ ಮೊದಲ ಬಾರಿಗೆ ಹಡಗೇರಿದ್ದು 1949ರ ಕೊನೆಯಲ್ಲಿ. ಮರುವರ್ಷ ಬ್ರಿಟಿಷ್ ಚಾಲಕ ಫ್ರೆಡ್ಡಿ ಬಾಸ್ವರ್ತ್ ಬಹರೇನಿನಲ್ಲಿ ಗಲ್ಫ್ ಏವಿಯೇಶನ್ ಸಂಸ್ಥೆಯನ್ನು ಸ್ಥಾಪಿಸಿ, ಆವ್ರೋ ಆನ್ಸನ್ ಎಂಬ ಎರಡು ಎಂಜಿನ್ನಿನ ಪುಟ್ಟ ವಿಮಾನದಿಂದ ಸೇವೆ ಆರಂಭಿಸಿದ. 1951ರಲ್ಲಿ ಆತ ಇಂಗ್ಲೆಂಡಿನಲ್ಲಿ ವಿಮಾನ ಅಪಘಾತದಲ್ಲಿ ಮಡಿದರೂ ಸಂಸ್ಥೆ ಉಳಿಯಿತು. 1974ರಲ್ಲಿ ಕತಾರ್ ಸೇರಿ ನಾಲ್ಕು ಸರ್ಕಾರಗಳ ಒಡೆತನದ ಗಲ್ಫ್ ಏರ್ ಆದದ್ದು ಅದೇ. ಕತಾರ್ ಏರ್‌ವೇಸ್ ಹಾರಾಟ ಶುರುಮಾಡಿದ್ದು ಅದಕ್ಕೂ ಇಪ್ಪತ್ತು ವರ್ಷ ಬಳಿಕ, 1994ರಲ್ಲಿ.

ಇಂದು ಕತಾರಿನಲ್ಲಿ ಖಾಸಗಿ ಸಣ್ಣ ವಿಮಾನಗಳನ್ನು ನೋಡಬೇಕೆಂದರೆ ಉತ್ತರದ ಅಲ್ ಖೋರ್ ವಿಮಾನನೆಲೆಗೆ ಹೋಗಬೇಕು. ಅಲ್ಲಿನ ಮೆಕ್ಯಾನಿಕ್ಕಿನ ಶತ್ರುಗಳು ಜಕ್ಕೂರಿನವನಿಗಿಂತ ಬೇರೆ. ಸಮುದ್ರಮಟ್ಟದ ಈ ನೆಲದಲ್ಲಿ ಬೇಸಿಗೆಯ ಮಧ್ಯಾಹ್ನ 45 ಡಿಗ್ರಿ ಮುಟ್ಟಿತೆಂದರೆ ಗಾಳಿ ತೆಳ್ಳಗಾಗಿ, ಎಂಜಿನ್ನಿನ ಪಾಲಿಗೆ ಅದು 3,500 ಅಡಿಗಿಂತಲೂ ಎತ್ತರದ ಗಾಳಿ. ಬೆಂಗಳೂರೇ ಸುಮಾರು 3,000 ಅಡಿ ಎತ್ತರದಲ್ಲಿದೆ. ಹೀಗಾಗಿ ಕಡಲತಡಿಯಲ್ಲಿದ್ದೂ ಇಲ್ಲಿನ ಎಂಜಿನ್ನು ಬೆಟ್ಟದ ಮೇಲಿದ್ದಂತೆ ಏದುಸಿರು ಬಿಡುತ್ತದೆ. ಬಿಸಿ ಎಂಜಿನ್ನನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಹೊರಟರೆ ಪೆಟ್ರೋಲು ಕೊಳವೆಯೊಳಗೇ ಆವಿಯಾಗಿ ದಾರಿ ಕಟ್ಟುತ್ತದೆ. ಗಾಳಿಯ ಫಿಲ್ಟರು ಒಂದಿಷ್ಟು ಸಡಿಲವಿದ್ದರೂ ನವಿರಾದ ಮರಳು ಸಿಲಿಂಡರನ್ನು ಉಜ್ಜಿ ತಿನ್ನುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಬೇಸಿಗೆಯಿಡೀ ಹಾರಿಸದೆ ನಿಲ್ಲಿಸಿಬಿಡುವುದು. ಇಂದಿನ ಸಣ್ಣ ವಿಮಾನಗಳಲ್ಲಿ ಬಹಳವಾಗಿ ಕಾಣುವ ಲೈಕಮಿಂಗ್ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುತ್ತದೆ. ಎಂಜಿನ್ನು ನಿಂತ ವಾರಗಳಲ್ಲಿ ಎಣ್ಣೆ ಕೆಳಗಿಳಿದು, ಕಡಲಿನ ತೇವ ಅದನ್ನು ತುಕ್ಕಿಗೆ ಒಪ್ಪಿಸುತ್ತದೆ. ಈ ಎಂಜಿನ್ನುಗಳ ಪೂರ್ಣ ದುರಸ್ತಿಗೆ ಸಾಮಾನ್ಯವಾಗಿ 2,000 ಗಂಟೆಯ ಹಾರಾಟದ ಜೊತೆಗೆ 12 ವರ್ಷದ ಮಿತಿಯನ್ನೂ ತಯಾರಕರು ಹೇಳುವುದು ಸುಮ್ಮನೆ ಅಲ್ಲ. ಹಾರದ ಎಂಜಿನ್ನಿಗೂ ವಯಸ್ಸಾಗುತ್ತದೆ.

ಇಂದಿನ ಸಣ್ಣ ವಿಮಾನಕ್ಕೆ ಸ್ಟಾರ್ಟರ್ ಬಂದಿದೆ, ಆಲ್ಟರ್ನೇಟರ್ ಬಂದಿದೆ, ಬಣ್ಣದ ಪರದೆಗಳು ಬಂದಿವೆ. ಈ ಸೆಕೆಗೆ ಬ್ಯಾಟರಿ ಬೇಗ ಸೋಲುತ್ತದೆ. ಆಲ್ಟರ್ನೇಟರ್ ನಡುಹಾದಿಯಲ್ಲಿ ಕೈಕೊಟ್ಟರೆ ರೇಡಿಯೋ, ದೀಪ, ಪರದೆಗಳೆಲ್ಲ ಬ್ಯಾಟರಿಯಲ್ಲಿ ಉಳಿದ ಶಕ್ತಿಯನ್ನು ಹಂಚಿಕೊಂಡು ಬಾಳಬೇಕು. ಎಂಜಿನ್ನು ಮಾತ್ರ ನಿಲ್ಲುವುದಿಲ್ಲ; ಮ್ಯಾಗ್ನೆಟೋಗೆ ಬ್ಯಾಟರಿಯ ಹಂಗಿಲ್ಲ. ಹಗುರ ವಿಮಾನಗಳಲ್ಲಿ ಜನಪ್ರಿಯವಾಗಿರುವ ಆಸ್ಟ್ರಿಯಾದ ರೋಟ್ಯಾಕ್ಸ್ 912 ಎಂಜಿನ್ನಿನಲ್ಲಿ ಮ್ಯಾಗ್ನೆಟೋ ಬದಲು ಎಲೆಕ್ಟ್ರಾನಿಕ್ ವ್ಯವಸ್ಥೆ ಇದ್ದರೂ, ಅದರ ಕಿಡಿಗೆ ಬೇಕಾದ ವಿದ್ಯುತ್ತನ್ನು ಎಂಜಿನ್ನೇ ಪ್ರತ್ಯೇಕವಾಗಿ ಹುಟ್ಟಿಸಿಕೊಳ್ಳುತ್ತದೆ. ಅದೂ ಜೋಡಿಯಾಗಿಯೇ. ಪುಷ್ಪಕದ ಕಾಲದ ನಿಯಮ ಇನ್ನೂ ಜಾರಿಯಲ್ಲಿದೆ.

ಎಚ್‌ಎಎಲ್‌ನ ಶೆಡ್ಡುಗಳಲ್ಲಿ, ಜಕ್ಕೂರಿನ ಹ್ಯಾಂಗರಿನಲ್ಲಿ ದುಡಿದ ತಂದೆ, ಮಾವ, ಅಜ್ಜಂದಿರು ನಮ್ಮ ಸದಸ್ಯ ಕುಟುಂಬಗಳಲ್ಲಿ ಇರಬಹುದು. ರಜೆಗೆ ಊರಿಗೆ ಹೋದಾಗ ಅವರನ್ನು ಮಾತಿಗೆಳೆದು ಬರೆದುಕೊಂಡು ಬರಬೇಕೆಂದು ಕೋರುತ್ತೇವೆ. ಮೊದಲು ಕೇಳಬೇಕಾದ ಪ್ರಶ್ನೆ ನಮ್ಮಲ್ಲಿ ಸಿದ್ಧವಿದೆ: ಮ್ಯಾಗ್ನೆಟೋ, ಪ್ಲಗ್ಗು, ವಾಲ್ವ್‌ಗಳ ರೋಗಗಳಿಗೆ ಕೆಲಸದ ನಡುವೆ ತಮ್ಮತಮ್ಮಲ್ಲಿ ಅವರು ಬಳಸುತ್ತಿದ್ದ ಕನ್ನಡದ ಮಾತುಗಳು ಯಾವುವು?