ಸ್ವನಿರ್ಮಿತ ಚಿಕ್ಕ ವಿಮಾನಗಳಲ್ಲಿ ಹಿಮನಿವಾರಣೆ

ಮೋಡದೊಳಗಿನ ನೀರಹನಿ ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ಹೆಪ್ಪುಗಟ್ಟದೆ ಉಳಿಯಬಲ್ಲದು. ವಿಮಾನಕ್ಕೆ ತಾಗಿದೊಡನೆ ಗಡ್ಡೆಯಾಗುತ್ತದೆ. ಇದರಿಂದ ಭಾರ ಹೆಚ್ಚುವುದು ನಿಜ, ಆದರೆ ದೊಡ್ಡ ಅಪಾಯ ಭಾರದ್ದಲ್ಲ, ರೆಕ್ಕೆಯ ಆಕಾರ ಕೆಡುವುದರದ್ದು. ಒರಟು ಉಪ್ಪುಕಾಗದದಷ್ಟು ತೆಳುವಾದ ಹಿಮವೂ ಎತ್ತುಬಲವನ್ನು ಶೇ. 30ರಷ್ಟು ತಗ್ಗಿಸಬಲ್ಲದು.

ಮೊದಲ ಯಶಸ್ವಿ ಪರಿಹಾರ ರಬ್ಬರಿನಿಂದ ಬಂತು. ಬಿ. ಎಫ್. ಗುಡ್‌ರಿಚ್ ಕಂಪನಿಯಿಂದ ನಿವೃತ್ತರಾಗಿದ್ದ ರಸಾಯನಶಾಸ್ತ್ರಜ್ಞ ವಿಲಿಯಂ ಗೀರ್, ರೆಕ್ಕೆಯ ಮುಂಗಟ್ಟಿಗೆ ರಬ್ಬರ್ ಹಾಳೆ ಹೊದಿಸಿ, ಅದರೊಳಗೆ ಗಾಳಿ ತುಂಬಿ ಉಬ್ಬಿಸಿ ಹಿಮವನ್ನು ಒಡೆಯುವ ‘ಬೂಟ್’ ರೂಪಿಸಿದರು. 1930ರಲ್ಲಿ ಅಂಚೆ ವಿಮಾನವೊಂದರ ಮೇಲೆ ಅದರ ಪರೀಕ್ಷೆ ನಡೆಯಿತು. ಬಿಸಿಗಾಳಿಯಿಂದ ಹಿಮ ತಡೆಯುವ ಸಂಶೋಧನೆಗಾಗಿ ಲೂಯಿಸ್ ರೋಡರ್ಟ್ ಅವರಿಗೆ 1946ರ ಕಾಲಿಯರ್ ಟ್ರೋಫಿ ಸಂದಿತು.

ಇವೆರಡೂ ದೊಡ್ಡ ವಿಮಾನಗಳ ಉಪಾಯಗಳು. ಮನೆಯ ಶೆಡ್ಡಿನಲ್ಲಿ ಫೈಬರ್‌ಗ್ಲಾಸ್ ಹಚ್ಚಿ ಕಟ್ಟಿದ ವಿಮಾನಕ್ಕೆ ಅವು ಸುಲಭವಾಗಿ ಹೊಂದುವುದಿಲ್ಲ. ಬೂಟಿನ ಅಂಚು ನುಣುಪಾದ ರೆಕ್ಕೆಯ ಮೇಲಿನ ಗಾಳಿಯ ಹರಿವನ್ನು ಕದಡುತ್ತದೆ. ಬಿಸಿಗಾಳಿಯ ಬದಲು ರೆಕ್ಕೆಯನ್ನು ವಿದ್ಯುತ್ತಿನಿಂದ ಕಾಯಿಸಲು ಚಿಕ್ಕ ಎಂಜಿನ್ನಿನ ಆಲ್ಟರ್ನೇಟರ್ ಸಾಲದು. ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝಡ್ ಎಂಬ ಸ್ವನಿರ್ಮಿತ ವಿಮಾನಗಳಲ್ಲಿ ಮುಂದಿನ ಕಿರುರೆಕ್ಕೆ ಬರಿಯ ಮಳೆಹನಿಗೇ ಎತ್ತುಬಲ ಕಳೆದುಕೊಂಡು ಮೂಗು ಬಾಗುವುದು ಕಂಡುಬಂದಿತ್ತು. ಜಾನ್ ರಾಂಝ್ ಹೊಸ ಆಕಾರದ ಕಿರುರೆಕ್ಕೆ ರೂಪಿಸಿದ ಮೇಲೆ ಅದು ಸರಿಹೋಯಿತು. ನೀರಿಗೇ ಇಷ್ಟು ಸೂಕ್ಷ್ಮವಾದ ರೆಕ್ಕೆ ಹಿಮವನ್ನು ತಾಳುವುದು ಇನ್ನೂ ಕಷ್ಟ.

ಇಂಥ ವಿಮಾನಕ್ಕೆ ಹೆಚ್ಚು ಒಪ್ಪುವುದು ದ್ರವದ ವಿಧಾನ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಬ್ರಿಟನ್ನಿನ ಟೆಕಲೆಮಿಟ್, ಕಿಲ್‌ಫ್ರಾಸ್ಟ್, ಶೀಪ್‌ಬ್ರಿಜ್ ಸ್ಟೋಕ್ಸ್ ಕಂಪನಿಗಳು ಕೂಡಿ ಇದನ್ನು ರೂಪಿಸಿದವು. ಅವುಗಳ ಮೊದಲ ಅಕ್ಷರಗಳೇ ಸೇರಿ ‘ಟಿಕೆಎಸ್’ ಆಯಿತು. ರೆಕ್ಕೆಯ ಮುಂಗಟ್ಟಿನ ಲೋಹದ ಫಲಕದಲ್ಲಿರುವ ಸಣ್ಣ ರಂಧ್ರಗಳಿಂದ ಗ್ಲೈಕಾಲ್ ದ್ರವ ಜಿನುಗಿ ಹಿಮ ಅಂಟದಂತೆ ನೋಡಿಕೊಳ್ಳುತ್ತದೆ. ಈಗಿನ ಫಲಕಗಳು ಲೇಸರಿನಿಂದ ತೂತು ಕೊರೆದ ಟೈಟಾನಿಯಂನವು. ಪಂಪಿಗೆ ಬೇಕಾದ ವಿದ್ಯುತ್ತು ಅಲ್ಪ. ಆದರೆ ತೊಟ್ಟಿ, ದ್ರವ ಎರಡೂ ಭಾರ, ಮತ್ತು ದ್ರವ ಮುಗಿದರೆ ರಕ್ಷಣೆಯೂ ಮುಗಿಯಿತು. ಆದ್ದರಿಂದ ಇದನ್ನು ಹಿಮದಿಂದ ಹೊರಬೀಳಲು ಸಿಗುವ ಸಮಯವೆಂದಷ್ಟೇ ಎಣಿಸಬೇಕು.

ಅಮೆರಿಕದಲ್ಲಿ ಹವ್ಯಾಸಿ ನಿರ್ಮಾಪಕರು ಕಾರ್ಖಾನೆಯ ವಿಮಾನಗಳಿಗೆ ಬೇಕಾದ ಪೂರಕ ಮಂಜೂರಾತಿಯಿಲ್ಲದೆ ಇಂಥ ಸಾಧನ ಅಳವಡಿಸಬಹುದು. ದೊಡ್ಡ ಮಾರ್ಪಾಡಾದರೆ ಮತ್ತೆ ಪರೀಕ್ಷಾ ಹಾರಾಟ ಮಾಡಬೇಕು. ಇದು ಹೆಮ್ಮೆಪಡುವಂಥ ಸ್ವಾತಂತ್ರ್ಯ, ಆದರೆ ಹಿಮದಲ್ಲಿ ಆ ವಿಮಾನ ಹೇಗೆ ವರ್ತಿಸುತ್ತದೆಂದು ಬೇರೆ ಯಾರೂ ಅಳೆದಿರುವುದಿಲ್ಲ. ಮಂಜೂರಾತಿ ಪಡೆದ ವ್ಯವಸ್ಥೆಯೂ ಸೋತದ್ದುಂಟು: 1994ರ ಅಕ್ಟೋಬರ್ 31ರಂದು ಇಂಡಿಯಾನಾದ ರೋಸ್‌ಲಾನ್ ಬಳಿ ಎಟಿಆರ್-72 ವಿಮಾನದ ಬೂಟುಗಳ ಹಿಂದೆ ದೊಡ್ಡ ನೀರಹನಿಗಳಿಂದ ಹಿಮದ ದಿಂಡು ಕಟ್ಟಿ 68 ಮಂದಿ ಸತ್ತರು. ಅಂಥ ದೊಡ್ಡ ಹನಿಗಳಿಗಾಗಿ 2014ರಲ್ಲಿ ಪ್ರಯಾಣಿಕ ವಿಮಾನಗಳಿಗೆ ಹೊಸ ನಿಯಮ ಬಂತು. ಸ್ವನಿರ್ಮಿತ ವಿಮಾನಗಳಿಗೆ ಅದು ಅನ್ವಯಿಸುವುದಿಲ್ಲ.