ಕಛ್‌ನ ಸ್ತರಭಂಗಗಳು: ಜಾರಿದ ನೆಲ ಮತ್ತೆ ಮೇಲೇರಿದ ಬಗೆ

1819ರ ಜೂನ್ 16ರ ಸಂಜೆ ಗುಜರಾತಿನ ಕಛ್‌ನ ಉಪ್ಪುಬಯಲಾದ ರಣದಲ್ಲಿ ಭೂಮಿ ನಡುಗಿತು. ಸಿಂಧೂ ನದಿಯ ಪೂರ್ವದ ಕವಲಿನ ದಡದಲ್ಲಿದ್ದ ಸಿಂಧ್ರಿ ಕೋಟೆಯ ಸುತ್ತಲಿನ ನೆಲ ಕುಸಿದು, ನೀರು ನುಗ್ಗಿತು. ಒಳಗಿದ್ದವರು ಬುರುಜು ಹತ್ತಿ ಜೀವ ಉಳಿಸಿಕೊಂಡರು. ಕೋಟೆಯ ಉತ್ತರಕ್ಕೆ, ಅದುವರೆಗೆ ಮಟ್ಟಸವಾಗಿದ್ದ ಬಯಲಿನಲ್ಲಿ, ಹತ್ತಾರು ಕಿಲೋಮೀಟರ್ ಉದ್ದದ ದಿಬ್ಬ ಎದ್ದಿತ್ತು. ಆ ಕವಲಿಗೆ ಮನುಷ್ಯರು ಹಾಕಿದ್ದ ಒಡ್ಡುಗಳನ್ನು ಕಂಡಿದ್ದ ಜನ ಇದನ್ನು ‘ಅಲ್ಲಾ ಬಂಡ್’, ಅಂದರೆ ದೇವರು ಕಟ್ಟಿದ ಒಡ್ಡು ಎಂದು ಕರೆದರು. 1826ರ ಪ್ರವಾಹ ಆ ದಿಬ್ಬವನ್ನು ಕೊರೆದುಕೊಂಡು ಹರಿಯಿತು. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಬರ್ನ್ಸ್ ಹೋಗಿ ನೋಡಿದ. ಕೊರೆದ ಜಾಗದಲ್ಲಿ ಕಂಡದ್ದು ಚಿಪ್ಪುಗಳು ತುಂಬಿದ ಜೇಡಿಮಣ್ಣು. ನೀರಿನಡಿ ಶೇಖರವಾಗಿದ್ದ ನೆಲವೇ ಮೇಲೆದ್ದಿದೆ ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಭೂವಿಜ್ಞಾನಿ ಚಾರ್ಲ್ಸ್ ಲೈಲ್ ಈ ಘಟನೆಯನ್ನು ತನ್ನ ‘ಪ್ರಿನ್ಸಿಪಲ್ಸ್ ಆಫ್ ಜಿಯಾಲಜಿ’ ಗ್ರಂಥದಲ್ಲಿ ಬಳಸಿಕೊಂಡ.

ಇಲ್ಲಿ ನೆಲ ಮೇಲೇಳುವುದೇ ಒಂದು ಸಮಸ್ಯೆ. ಕಛ್ ಹುಟ್ಟಿದ್ದು ಸೀಳು ಕಣಿವೆಯಾಗಿ. ಗೊಂಡ್ವಾನ ಭೂಖಂಡ ಒಡೆಯುವ ಕಾಲಕ್ಕೆ ಭೂಚಿಪ್ಪು ಎರಡೂ ಕಡೆಗೆ ಜಗ್ಗಿ, ಸ್ತರಭಂಗಗಳ, ಅಂದರೆ ಬಂಡೆ ಒಡೆದು ಜಾರುವ ತಲಗಳ, ಗುಂಟ ಶಿಲಾಖಂಡಗಳು ಕೆಳಕ್ಕೆ ಜಾರಿದವು. ಹಾಗಾದ ತಗ್ಗಿನಲ್ಲಿ ಸಮುದ್ರ ಬಂದು ಜುರಾಸಿಕ್ ಮತ್ತು ಕ್ರಿಟೇಶಿಯಸ್ ಕಾಲದ ಪದರಗಳು ದಪ್ಪವಾಗಿ ಕೂತವು. ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆದ ಮೇಲೆ ಜಗ್ಗಾಟ ಹೋಗಿ ಒತ್ತಡ ಬಂತು. ಹೊಸದಾಗಿ ಬಿರಿಯುವುದಕ್ಕಿಂತ ಹಳೆಯ ದುರ್ಬಲ ತಲದಲ್ಲಿ ಜಾರುವುದು ಬಂಡೆಗೆ ಸುಲಭ. ಸೀಳುಬಿಟ್ಟ ಸೌದೆ ಎರಡನೇ ಏಟಿಗೆ ಅದೇ ಸೀಳಿನಲ್ಲಿ ಬಾಯಿಬಿಡುವಂತೆ. ಹಾಗಾಗಿ ಒಂದು ಕಾಲಕ್ಕೆ ಕೆಳಗಿಳಿದ ಖಂಡಗಳು ಅವೇ ಸ್ತರಭಂಗಗಳ ಮೇಲೆ ಈಗ ಮೇಲೇರುತ್ತಿವೆ.

ಕಛ್‌ನ ಮುಖ್ಯಭೂಭಾಗದ ಉತ್ತರ ಅಂಚಿನ ಗುಡ್ಡಸಾಲಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಝುರಾ, ಹಬೋ ಗುಮ್ಮಟಗಳ ಪದರಗಳು ದಕ್ಷಿಣಕ್ಕೆ ಮೆಲ್ಲಗೆ ಇಳಿಯುತ್ತವೆ. ಉತ್ತರದಲ್ಲಿ, ಸ್ತರಭಂಗ ಸಮೀಪಿಸಿದಂತೆ, ಥಟ್ಟನೆ ಕಡಿದಾಗಿ ಬಾಗುತ್ತವೆ. ಇಷ್ಟು ಬಾಗಲು ಒಂದೆರಡು ಭೂಕಂಪ ಸಾಲದು. 1819ರ ದೊಡ್ಡ ಭೂಕಂಪ ಎಬ್ಬಿಸಿದ ಅಲ್ಲಾ ಬಂಡ್ ಕೂಡ ಅತಿ ಎತ್ತರದ ಜಾಗದಲ್ಲಿ ಸುಮಾರು ಆರು ಮೀಟರ್ ಮಾತ್ರ.

2001ರ ಜನವರಿ 26ರಂದು ಕಛ್‌ನಲ್ಲೇ ಆದ ಭೂಕಂಪ ನಾವು ಈ ನೆಲವನ್ನು ಓದುವ ಕ್ರಮವನ್ನೇ ತಿದ್ದಿತು ಎಂಬುದು ನನ್ನ ಅಭಿಪ್ರಾಯ. ಪ್ರಮಾಣ ಸುಮಾರು 7.6, ಸತ್ತವರು ಸುಮಾರು 20,000. 1819ರ ದಿಬ್ಬವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಲ್ಲೂ ಅಂಥದೊಂದು ಎದ್ದಿರಬೇಕು ಅನ್ನಿಸುತ್ತದೆ. ನೆಲ ಬಿರಿದದ್ದು, ಮರಳು ನೀರಿನೊಡನೆ ಚಿಮ್ಮಿದ್ದು ಬೇಕಾದಷ್ಟು ಕಡೆ ಕಂಡಿತು. ಆದರೆ ಆಳದಲ್ಲಿ, ದಕ್ಷಿಣಕ್ಕೆ ವಾಲಿದ ತಲದ ಮೇಲೆ ಜಾರಿದ ಮುಖ್ಯ ಸ್ತರಭಂಗ ಮೇಲ್ಮೈಯನ್ನು ಮುಟ್ಟಲಿಲ್ಲ. ಅಷ್ಟು ದೊಡ್ಡ ಜಾರು ತನ್ನ ಗೆರೆಯನ್ನು ನೆಲದ ಮೇಲೆ ಎಳೆಯದೆ ಮುಗಿದುಹೋಯಿತು. ಒಡೆದ ಗೆರೆಗಳನ್ನಷ್ಟೇ ಗುರುತಿಸುವ ನಕ್ಷೆಯಲ್ಲಿ ಇಂಥ ಭೂಕಂಪಕ್ಕೆ ಜಾಗವೇ ಇರುವುದಿಲ್ಲ. ಅದನ್ನು ನೋಡಿ ಮನೆ ಕಟ್ಟುವವರಿಗೆ ಅಪಾಯ ತಿಳಿಯುವುದೂ ಇಲ್ಲ. ಆದರೆ ಮೇಲ್ಮೈ ಮುಟ್ಟದ ಜಾರೂ ತನ್ನ ಮೇಲಿನ ಪದರಗಳನ್ನು ಬಾಗಿಸುತ್ತದೆ. ಹಾಗಾಗಿ ಕಛ್‌ನ ಅಪಾಯದ ನಕ್ಷೆ ಬರೆಯುವವರು ನೆಲ ಒಡೆದ ಜಾಗಗಳ ಜೊತೆಗೆ ಪದರಗಳು ಬಾಗಿದ ಜಾಗಗಳನ್ನೂ ಗುರುತು ಹಾಕಬೇಕು.